ಮೂರು ಸಲ ಬೀಳುವವರೆಗೆ

ತಾನು ನಿವೃತ್ತನಾಗುತ್ತಿದ್ದೇನೆ ಎಂಬ ಸುದ್ದಿಯನ್ನು ಇಸ್ತ್ರಿ ಮೊದಲು ಕೇಳಿದ್ದು ಒಬ್ಬ ಪೇಂಟರ್‌ನ ಬಾಯಿಂದ. ಬೆಳಗಿನ ಅಭ್ಯಾಸಕ್ಕೆಂದು ಕ್ಲಬ್ಬಿಗೆ ಬಂದಾಗ, ಡ್ರೆಸ್ಸಿಂಗ್ ರೂಮಿನಿಂದ ಫುಟ್‌ಬಾಲ್ ಮೈದಾನಕ್ಕೆ ಹೋಗುವ ಓಣಿಯಲ್ಲಿ ಏಣಿ ಹಾಕಿಕೊಂಡು ಆ ಪೇಂಟರ್ ಗೋಡೆ ಅಳೆಯುತ್ತಿದ್ದ. ಕೆಳಗೆ ನೆಲದ ಮೇಲೆ ಉದ್ದನೆಯ ಬಟ್ಟೆ ಹಾಸಿತ್ತು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ದೊಡ್ಡ ಅಕ್ಷರಗಳು: ‘ಹೋಗಿ ಬಾ, ನಮ್ಮ ಆರನೇ ನಂಬರ್.’

“ಸಾರ್, ಒಳ್ಳೇ ಹೊತ್ತಿಗೆ ಬಂದ್ರಿ,” ಎಂದ ಪೇಂಟರ್ ಏಣಿಯ ಮೇಲಿಂದಲೇ. “ಹದಿನೇಳು ವರ್ಷ ಅಂತ ಬರೀಲೋ, ಹದಿನೆಂಟು ಅಂತ ಬರೀಲೋ? ಆಫೀಸಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.”

“ಯಾರಪ್ಪ ಹೋಗ್ತಿರೋದು?”

ಪೇಂಟರ್ ನಕ್ಕ. ಆಮೇಲೆ ಇಸ್ತ್ರಿಯ ಮುಖ ನೋಡಿ ನಗು ನಿಲ್ಲಿಸಿದ. “ನಂಗೇನು ಗೊತ್ತು ಸಾರ್. ಬರಿ ಅಂದ್ರು, ಬರೀತಿದೀನಿ.”

“ಹಂಗಾದ್ರೆ ವರ್ಷದ ಜಾಗ ಖಾಲಿ ಬಿಡು. ಅದಿನ್ನೂ ಮುಗಿದಿಲ್ಲ,” ಎಂದು ಇಸ್ತ್ರಿ ಬಟ್ಟೆಯನ್ನು ತುಳಿಯದಂತೆ ದಾಟಿ ಒಳಗೆ ಹೋದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಎಲ್ಲ ಕಡೆ ಇದ್ದಾರೆ. ಆದರೆ ಮನುಷ್ಯ ಇನ್ನೂ ಬೂಟಿನ ದಾರ ಕಟ್ಟುತ್ತಿರುವಾಗಲೇ ಅವನಿಗೆ ಬೀಳ್ಕೊಡುಗೆಯ ಬಟ್ಟೆ ಬರೆಸುವುದಕ್ಕೆ ಬೇರೆಯೇ ಗುಂಡಿಗೆ ಬೇಕು. ಆ ಗುಂಡಿಗೆ ಕ್ಲಬ್ಬಿನ ಅಧ್ಯಕ್ಷರಿಗಿತ್ತು. ಒಬ್ಬನನ್ನು ತೆಗೆಯಬೇಕೆಂದರೆ ‘ಹೋಗು’ ಎನ್ನುವ ಪೈಕಿ ಅವರಲ್ಲ. ಒಂದು ಫಲಕ ಕೊಟ್ಟು, ನಾಲ್ಕು ಜನರಿಂದ ಚಪ್ಪಾಳೆ ಹೊಡೆಸಿ, ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದುಬಿಡುತ್ತಿದ್ದರು. ಅಂಥ ಫಲಕ ಪಡೆದ ಮೂವರನ್ನು ಇಸ್ತ್ರಿ ಕಣ್ಣಾರೆ ನೋಡಿದ್ದ. ಮೂವರೂ ಆ ದಿನ ಅತ್ತಿದ್ದರು. ಅದು ಸಂತೋಷಕ್ಕಲ್ಲ ಎಂಬುದು ಡ್ರೆಸ್ಸಿಂಗ್ ರೂಮಿಗೆಲ್ಲ ಗೊತ್ತಿತ್ತು.

ಇಸ್ತ್ರಿ ಎಂಬುದು ಅವನ ಹೆಸರಲ್ಲ, ಗ್ಯಾಲರಿಯ ಜನ ಇಟ್ಟ ಅಡ್ಡಹೆಸರು. ತೊಂಬತ್ತು ನಿಮಿಷ ಆಡಿ ಹೊರಗೆ ಬಂದರೂ ಅವನ ಬಿಳಿ ಚಡ್ಡಿಯ ಮೇಲೆ ಒಂದು ಕಲೆ ಇರುತ್ತಿರಲಿಲ್ಲ. ಮೊದಮೊದಲು ಅದು ಬೈಗುಳವೇ. ‘ಏ ಇಸ್ತ್ರಿ, ಮದುವೆಗೆ ಬಂದಿದೀಯೇನೋ?’ ಎಂದು ಕೂಗುತ್ತಿದ್ದರು. ಕೆಸರು ಮೆತ್ತಿಕೊಂಡವನೇ ದುಡಿದವನು ಎಂದು ನಂಬುವ ಜನ ಅವರು. ಹತ್ತು ವರ್ಷ ಬೈದು ಬೈದು, ಬೈಗುಳವೇ ಸವೆದು ಹೆಸರಾಗಿ ಉಳಿದುಬಿಟ್ಟಿತು.

ಆ ಚಡ್ಡಿಯ ಗುಟ್ಟು ಇದ್ದದ್ದು ಒಂದು ದೊಡ್ಡಾಸ್ಪತ್ರೆಯ ಹಿತ್ತಲಲ್ಲಿ. ಅವನ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಹಿತ್ತಲ ತುಂಬ ಸಾಲುಸಾಲು ತಂತಿಗಳು, ತಂತಿಗಳ ಮೇಲೆ ಒದ್ದೆ ಹಾಸಿಗೆಬಟ್ಟೆಗಳು. ಕೆಲಸಗಾರರ ಮಕ್ಕಳೆಲ್ಲ ಆಡುತ್ತಿದ್ದದ್ದು ಆ ಸಾಲುಗಳ ನಡುವೆ. ಎದುರಾಳಿ ಯಾವ ಬಟ್ಟೆಯ ಹಿಂದಿನಿಂದ ನುಗ್ಗಿ ಬರುತ್ತಾನೆಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಚೆಂಡು ಕಾಲಿಗೆ ಬರುವ ಮುಂಚೆಯೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೆಗಲ ಮೇಲಿಂದ ನೋಡಿ, ಬಟ್ಟೆಯ ಕೆಳಗೆ ಕಾಣುವ ಪಾದಗಳನ್ನು ಎಣಿಸಿಕೊಳ್ಳಬೇಕಿತ್ತು. ಬಿದ್ದರಂತೂ ಮುಗಿಯಿತು. ಬಿದ್ದವನ ಕೈ ಹೋಗುತ್ತಿದ್ದದ್ದು ಹತ್ತಿರದ ಬಟ್ಟೆಗೆ, ಬಟ್ಟೆಗೆ ಕೆಸರಾದರೆ ಅಮ್ಮನ ಕೈ ಬರುತ್ತಿದ್ದದ್ದು ಅವನ ಕಿವಿಗೆ. ಏಳು ವರ್ಷ ಅಲ್ಲಿ ಆಡಿದವನಿಗೆ ಬೀಳುವುದೇ ಮರೆತುಹೋಗಿತ್ತು.

ಹತ್ತೊಂಬತ್ತಕ್ಕೆ ಕ್ಲಬ್ಬಿಗೆ ಸೇರಿದಾಗ ಅಲ್ಲಿ ಒಬ್ಬ ಹಳೆ ಕೋಚ್ ಇದ್ದರು. ಇವನ ಮೊದಲ ಆಟ ನೋಡಿ ಅವರು ಉಳಿದವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು.

“ಇವನ ಚಡ್ಡಿ ನೋಡ್ರೋ. ಜಾರಿ ಬೀಳೋದು ಶೌರ್ಯ ಅಂದ್ಕೊಂಡಿದೀರಿ. ತಡವಾಗಿ ಬಂದೋನು ಜಾರ್ತಾನೆ. ಮೊದಲೇ ಬಂದೋನು ನಿಂತಿರ್ತಾನೆ.”

ಅಂದಿನಿಂದ ಮೈದಾನದ ನಡುವೆ ನಿಂತವನು ನಿಂತೇ ಇದ್ದ. ಮಿಡ್‌ಫೀಲ್ಡರ್‌ನ ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. ಗೋಲು ಹೊಡೆದವನ ಫೋಟೋ ಬರುತ್ತದೆ, ಗೋಲು ತಡೆದವನದೂ ಬರುತ್ತದೆ. ಇವರಿಬ್ಬರ ನಡುವೆ ನಿಂತು, ಎದುರಾಳಿಯ ಪಾಸು ಹೋಗಬೇಕಾದ ಜಾಗಕ್ಕೆ ಮೊದಲೇ ಹೋಗಿ ಕಾಯುವವನಿಗೆ ಫೋಟೋ ಎಲ್ಲಿಂದ ಬರಬೇಕು? ಹದಿನೇಳು ಸೀಸನ್, ನಾನೂರಕ್ಕೂ ಹೆಚ್ಚು ಆಟ, ಹನ್ನೊಂದು ಗೋಲು. ಹನ್ನೊಂದರಲ್ಲಿ ಎರಡು ನಮ್ಮದೇ ಗೋಲಿಗೆ ಹೊಡೆದದ್ದು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೊಣಕಾಲು ತಿರುಚಿ ಎಂಟು ತಿಂಗಳು ಮನೆಯಲ್ಲಿ ಬಿದ್ದಿದ್ದಾಗ, ಸುಮ್ಮನೆ ಕೂರಲಾರದೆ ರೆಫರಿಗಳ ಪರೀಕ್ಷೆಗೆ ಓದಿ ಪಾಸಾದ. ಆಟದ ನಿಯಮಗಳ ಪುಸ್ತಕ ಅವನಿಗೆ ಬಾಯಿಪಾಠವಾಯಿತು. ಅದರಿಂದ ಆಗ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಆಟ ಮುಗಿದ ದಿನ ಚಡ್ಡಿಯನ್ನು ಮಾತ್ರ ಕ್ಲಬ್ಬಿನ ಬುಟ್ಟಿಗೆ ಹಾಕದೆ ಅಮ್ಮನಿಗೆ ತಂದು ಕೊಡುವುದು ಅವನ ರೂಢಿ. ಅಮ್ಮ ಒಮ್ಮೆಯೂ ಮೈದಾನಕ್ಕೆ ಬಂದವಳಲ್ಲ. ಚಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆಮುಂದೆ ತಿರುಗಿಸಿ, “ಹೂಂ, ಚೆನ್ನಾಗಿ ಆಡಿದೀಯ,” ಎನ್ನುತ್ತಿದ್ದಳು. ಪತ್ರಿಕೆಯವರು ಬರೆದದ್ದಕ್ಕಿಂತ ಅವನಿಗೆ ಆ ‘ಹೂಂ’ ಮುಖ್ಯ.

ಈಗ ಮೂವತ್ತಾರು. ಹಳೆ ಕೋಚ್ ತೀರಿಕೊಂಡು ವರ್ಷಗಳಾಗಿದ್ದವು. ಹೊಸ ಕೋಚ್ ಬಂದಿದ್ದರು, ಅವರ ಜೊತೆಗೊಂದು ಕಂಪ್ಯೂಟರ್ ಬಂದಿತ್ತು. ಎಲ್ಲರೂ ಜರ್ಸಿಯ ಒಳಗೆ ಒಂದು ಬನಿಯನ್ ಹಾಕಿಕೊಳ್ಳಬೇಕು. ಅದರ ಬೆನ್ನಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಯಾರು ಎಷ್ಟು ಓಡಿದರೆಂದು ಅದು ಹೇಳುತ್ತದೆ, ಮರುದಿನ ಬೆಳಿಗ್ಗೆ ಗೋಡೆಗೆ ಹಾಳೆ ಅಂಟುತ್ತದೆ. ಆ ಹಾಳೆಯಲ್ಲಿ ಇಸ್ತ್ರಿ ಯಾವಾಗಲೂ ಕೊನೆಯವನು.

“ಉಳಿದೋರೆಲ್ಲ ಹನ್ನೊಂದು ಕಿಲೋಮೀಟರ್ ಓಡ್ತಾರೆ. ನೀವು ಎಂಟು,” ಎಂದರು ಹೊಸ ಕೋಚ್.

“ಅವರು ಹನ್ನೊಂದು ಯಾಕೆ ಓಡ್ತಾರೆ ಗೊತ್ತಾ ಸಾರ್? ನಿಂತಿರಬೇಕಾದ ಜಾಗದಲ್ಲಿ ನಿಂತಿರಲ್ಲ, ಅದಕ್ಕೆ.”

ಕೋಚ್‌ಗೆ ಅದು ಮುದುಕನ ಸೋಮಾರಿತನದಂತೆ ಕೇಳಿಸಿತು. ಅವರು ಹಾಗೆ ಮುಖ ಮಾಡಿದ್ದನ್ನು ಇಸ್ತ್ರಿ ಮರೆಯಲಿಲ್ಲ. ಮುಂದಿನ ವಾರ ತಮ್ಮತಮ್ಮಲ್ಲೇ ನಡೆದ ಅಭ್ಯಾಸದ ಆಟದಲ್ಲಿ ಅವನೊಂದು ಕಿತಾಪತಿ ಮಾಡಿದ. ಚೆಂಡಿದ್ದ ಕಡೆ ಹೋಗಲೇ ಇಲ್ಲ. ಮೈದಾನದ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ತೊಂಬತ್ತು ನಿಮಿಷ ಓಡಿದ. ಯಾರಾದರೂ ಪಾಸು ಕೊಟ್ಟರೆ ‘ಆಮೇಲೆ, ಆಮೇಲೆ’ ಎಂದು ಕೈಬೀಸಿ ಓಡಿದ. ಅವನಿದ್ದ ತಂಡ ಐದು ಗೋಲು ತಿಂದಿತು. ಮರುದಿನ ಹಾಳೆಯಲ್ಲಿ ಅವನ ಹೆಸರೇ ಮೊದಲು: ಹದಿಮೂರು ಕಿಲೋಮೀಟರ್, ಪಕ್ಕದಲ್ಲಿ ನಕ್ಷತ್ರದ ಗುರುತು, ಕೆಳಗೆ ‘ಅತ್ಯುತ್ತಮ’ ಎಂಬ ಷರಾ. ಇಸ್ತ್ರಿ ಆ ಹಾಳೆಯನ್ನು ಕಿತ್ತು ಪಾಯಿಖಾನೆಯ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ. ಕೂತವರಿಗೆಲ್ಲ ಓದಲು ಅನುಕೂಲವಾಗಲಿ ಎಂದು. ಇಡೀ ತಂಡ ಒಂದು ವಾರ ನಕ್ಕಿತು. ಕೋಚ್ ಒಬ್ಬರೇ ನಗಲಿಲ್ಲ, ಆಮೇಲಿನ ಆಟಗಳಲ್ಲೆಲ್ಲ ಇಸ್ತ್ರಿಯನ್ನು ಬೆಂಚಿನ ಮೇಲೆ ಕೂರಿಸಿದರು.

ಬೆಂಚಿನ ಮೇಲೆ ಕೂತು ಕೂತು ಮೂರು ತಿಂಗಳಾದ ಮೇಲೆ ಬಂದದ್ದು ಪೇಂಟರ್‌ನ ಬಟ್ಟೆ. ಅದನ್ನು ದಾಟಿ ಒಳಗೆ ಹೋದವನು ನೇರವಾಗಿ ನಡೆದದ್ದು ಅಧ್ಯಕ್ಷರ ಕೋಣೆಗೆ. ಮೇಜಿನ ಮೇಲೆ ಗಾಜಿನ ಫಲಕ ಆಗಲೇ ಬಂದು ಕೂತಿತ್ತು.

“ನಿಮಗೆ ಆಶ್ಚರ್ಯ ಆಗಲಿ ಅಂತ ಇದ್ದೆವು,” ಎಂದರು ಅಧ್ಯಕ್ಷರು, ಫಲಕದ ಮೇಲೆ ಕರವಸ್ತ್ರ ಮುಚ್ಚುತ್ತಾ. “ಸೀಸನ್‌ನ ಕೊನೇ ಆಟ. ನೀವು ಶುರುವಿನಿಂದಲೇ ಆಡ್ತೀರಿ. ಎಪ್ಪತ್ತನೇ ನಿಮಿಷಕ್ಕೆ ನಿಮ್ಮ ನಂಬರ್ ಬೋರ್ಡಲ್ಲಿ ಎತ್ತಿಸ್ತೀವಿ, ನೀವು ಹೊರಗೆ ಬರ್ತೀರಿ. ಎರಡೂ ತಂಡದವರು ಸಾಲಾಗಿ ನಿಂತು ಚಪ್ಪಾಳೆ. ಗೌರವವಾಗಿ ಕಳಿಸಿಕೊಡೋದು ನಮ್ಮ ಕರ್ತವ್ಯ ಅಲ್ವಾ?”

“ನಾನು ಹೋಗ್ತೀನಿ ಅಂತ ಯಾವಾಗ ಹೇಳಿದೆ?”

“ಎಲ್ಲರೂ ಒಂದಿನ ಹೋಗಲೇಬೇಕಲ್ಲಪ್ಪ.”

“ಹೋಗ್ತೀನಿ. ಯಾವತ್ತು ಅಂತ ನಾನು ಹೇಳ್ತೀನಿ,” ಎಂದು ಇಸ್ತ್ರಿ ಕಡ್ಡಿ ಮುರಿದಂತೆ ಹೇಳಿದ. “ಒಂದೇ ಆಟದಲ್ಲಿ ಮೂರು ಸಲ ನಾನು ತಡವಾಗಿ ಬಂದು ನೆಲಕ್ಕೆ ಬಿದ್ದ ದಿನ, ಯಾರೂ ಕರೀದೇನೇ ಹೊರಗೆ ಬರ್ತೀನಿ. ಅಲ್ಲೀವರೆಗೆ ಈ ಫಲಕ ಒಳಗಿಟ್ಕೊಳ್ಳಿ.”

ಅಧ್ಯಕ್ಷರು ನಕ್ಕರು. ಹುಡುಗಾಟದ ಮಾತಿಗೆ ದೊಡ್ಡವರು ನಗುತ್ತಾರಲ್ಲ, ಹಾಗೆ. ಆ ನಗು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂರುವವಳು. ದಿನಕ್ಕೆ ಸಾವಿರ ಜನರ ಜೊತೆ ಜಗಳವಾಡಿ ಒಂದರಲ್ಲೂ ಸೋಲದವಳು. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಗಂಡನ ಎದುರಿಗೆ ಬಂದು ಕೂತಳು.

“ರೀ, ನಿಮ್ಮ ಕರಾರು ಯಾವತ್ತಿನವರೆಗೆ ಇದೆ?”

“ಮುಂದಿನ ತಿಂಗಳ ಕೊನೆವರೆಗೆ.”

“ಟಿಕೆಟ್ ಇರೋವರೆಗೆ ಯಾವ ಕಂಡಕ್ಟರೂ ಬಸ್ಸಿಂದ ಇಳಿಸೋ ಹಾಗಿಲ್ಲ. ಎದ್ದು ನಿಂತ್ರೆ ತಾನೇ ಸೀಟು ಹೋಗೋದು? ಏಳಬೇಡಿ.”

ಕೊನೆಯ ಆಟದ ದಿನ ಬಂತು. ಅಧ್ಯಕ್ಷರ ಲೆಕ್ಕಾಚಾರ ತಪ್ಪಿದ್ದು ಇಲ್ಲಿ. ಅವರು ಬೀಳ್ಕೊಡುಗೆಯ ತಾರೀಕು ಗೊತ್ತುಮಾಡಿದಾಗ ತಂಡ ಪಟ್ಟಿಯ ನಡುವೆ ಆರಾಮಾಗಿ ಕೂತಿತ್ತು. ಆಮೇಲೆ ಸಾಲಾಗಿ ಆರು ಆಟ ಸೋತಿತು. ಈಗ ಕೊನೆಯದರಲ್ಲಿ ಕಡೇಪಕ್ಷ ಸಮ ಮಾಡಿಕೊಳ್ಳದಿದ್ದರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತದೆ. ಆದರೂ ಬಟ್ಟೆ ಬರೆಸಿಯಾಗಿತ್ತು, ಅತಿಥಿಗಳನ್ನು ಕರೆದಾಗಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಅದು.

ಮಳೆ ಬಂದು ನಿಂತು ಮೈದಾನ ಒದ್ದೆಯಾಗಿತ್ತು. ಮೊದಲ ಅರ್ಧದಲ್ಲಿ ಇವರದೊಂದು ಗೋಲಾಯಿತು. ಇಸ್ತ್ರಿ ನಡುವೆ ನಿಂತು ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿದ್ದ. ಎಡಕ್ಕೊಮ್ಮೆ ನೋಡು, ಬಲಕ್ಕೊಮ್ಮೆ ನೋಡು, ಚೆಂಡು ಬರುವ ದಾರಿಯಲ್ಲಿ ನಿಲ್ಲು, ತೆಗೆದುಕೊಂಡು ಪಕ್ಕದವನಿಗೆ ಕೊಡು. ಮೂರು ತಿಂಗಳು ಬೆಂಚಿನ ಮೇಲೆ ಕೂತಿದ್ದರೂ ಕಾಲು ಏನನ್ನೂ ಮರೆತಿರಲಿಲ್ಲ. ಅರವತ್ತಾರನೇ ನಿಮಿಷದಲ್ಲಿ ಇವರ ಗೋಲ್‌ಕೀಪರ್ ಒದ್ದೆ ಚೆಂಡನ್ನು ಕೈಜಾರಿಸಿ ಬಿಟ್ಟ. ಒಂದು–ಒಂದು. ಇನ್ನೊಂದು ತಿಂದರೆ ತಂಡದ ಕತೆ ಮುಗಿದಂತೆ.

ಎಪ್ಪತ್ತನೇ ನಿಮಿಷ. ಗೆರೆಯಾಚೆ ಬೋರ್ಡು ಮೇಲೆದ್ದಿತು. ಕೆಂಪು ದೀಪದಲ್ಲಿ ಆರು. ಪಕ್ಕದಲ್ಲಿ ಅಧ್ಯಕ್ಷರು ಫಲಕ ಹಿಡಿದು ನಿಂತಿದ್ದರು. ಮೊದಲೇ ಹೇಳಿಟ್ಟಿದ್ದರಿಂದ ಎದುರು ತಂಡದವರು ಕೂಡ ಸಾಲಾಗಲು ಶುರುಮಾಡಿದರು. ಗ್ಯಾಲರಿಯಲ್ಲಿ ಚಪ್ಪಾಳೆ ಎದ್ದಿತು. ಇಸ್ತ್ರಿ ಬೋರ್ಡನ್ನು ನೋಡಿದ, ತಲೆ ಅಡ್ಡಡ್ಡ ಆಡಿಸಿದ, ತನ್ನ ಜಾಗಕ್ಕೆ ಹೋಗಿ ನಿಂತ.

ರೆಫರಿ ಹತ್ತಿರ ಬಂದರು. “ಬರಲ್ವಾ?”

“ಬರಲ್ಲ.”

“ನಿಮ್ಮ ತಂಡದವರೇ ಕರೀತಿರೋದು.”

“ಹೊರಗೆ ಬರಬೇಕಾದೋನು ಒಪ್ಪದಿದ್ರೆ ಆಟ ಮುಂದುವರಿಸಬೇಕು. ಮೂರನೇ ನಿಯಮ. ನಿಮಗೂ ಗೊತ್ತು, ನನಗೂ ಗೊತ್ತು.”

ರೆಫರಿಯ ತುಟಿಯಂಚಿನಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. ಅವರು ಸೀಟಿ ಊದಿ, ಆಟ ನಡೆಯಲಿ ಎಂದು ಕೈ ತೋರಿಸಿದರು. ಹದಿನಾಲ್ಕು ವರ್ಷದ ಹಿಂದೆ ಮಂಚದ ಮೇಲೆ ಮಲಗಿ ಓದಿದ್ದು ಕೊನೆಗೂ ಕೆಲಸಕ್ಕೆ ಬಂತು.

ಆಮೇಲೆ ಗೆರೆಯಾಚೆ ನಡೆದದ್ದೇ ಇನ್ನೊಂದು ಆಟ. ಕೋಚ್ ಕೂಗಿ ಕೂಗಿ ಗಂಟಲು ಹರಿದುಕೊಂಡರು. ಬದಲಿ ಆಟಗಾರ ಒಳಗೆ ಬರಲಾಗದೆ, ಬೆಂಚಿಗೆ ಹೋಗಲೂ ಆಗದೆ ನಿಂತಲ್ಲೇ ಕುಣಿಯುತ್ತಿದ್ದ. ಅಧ್ಯಕ್ಷರು ಫಲಕವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಿದ್ದರು. ಆಗ ಗ್ಯಾಲರಿಯಲ್ಲಿ ಎಲ್ಲಿಂದಲೋ ಒಂದು ಹೆಂಗಸಿನ ಗಂಟಲು, ಟಿಕೆಟ್ ಕಿಟಕಿಯಲ್ಲಿ ಪಳಗಿದ್ದು, “ಏಳಬೇಡೀ!” ಎಂದು ಕೂಗಿತು. ಹಿಂದೆಯೇ ಇಡೀ ಗ್ಯಾಲರಿ “ಇಸ್ತ್ರೀ! ಇಸ್ತ್ರೀ!” ಎಂದು ಎದ್ದು ನಿಂತಿತು.

ಇಪ್ಪತ್ತು ನಿಮಿಷ ಅವನು ಆ ಗದ್ದಲದ ನಡುವೆ ಆಡಿದ. ಎಡಗಡೆಯ ರಕ್ಷಕನಿಗೆ ‘ಎರಡು ಹೆಜ್ಜೆ ಒಳಗೆ ಬಾ’ ಎಂದ, ಬಲಗಡೆಯವನಿಗೆ ‘ನೀನು ಓಡಬೇಡ, ಅಲ್ಲೇ ಇರು’ ಎಂದ. ಎದುರಾಳಿಗಳ ಪಾಸುಗಳು ಒಂದಾದ ಮೇಲೊಂದು ಬಂದು ಅವನ ಕಾಲಿಗೇ ಬಿದ್ದವು. ಎಂಬತ್ತೆಂಟನೇ ನಿಮಿಷದಲ್ಲಿ ಅವರ ಮುಂಚೂಣಿಯವನೊಬ್ಬ ನಡುವೆ ನುಸುಳಿದ. ಇಸ್ತ್ರಿ ಅದನ್ನು ಮೊದಲೇ ನೋಡಿದ್ದ, ಜಾಗ ಗೊತ್ತಿತ್ತು, ಹೊರಟ. ಅರ್ಧ ಹೆಜ್ಜೆ ಕಡಿಮೆಯಾಯಿತು. ಬೇರೆ ದಾರಿಯಿರಲಿಲ್ಲ. ಒದ್ದೆ ಹುಲ್ಲಿನ ಮೇಲೆ ಉದ್ದಕ್ಕೆ ಜಾರಿ, ಚೆಂಡಿಗಷ್ಟೇ ಕಾಲು ತಾಗಿಸಿ, ಗೆರೆಯಾಚೆ ಕಳಿಸಿದ.

ಮೈದಾನವೇ ಹಾರಿಹೋಗುವಂತೆ ಜನ ಕೂಗಿದರು. ಹದಿನೇಳು ವರ್ಷದಲ್ಲಿ ಒಮ್ಮೆಯೂ ಅವನಿಗಾಗಿ ಹಾಗೆ ಕೂಗಿರಲಿಲ್ಲ. ಎದ್ದು ನಿಂತು ತೊಡೆಯ ಮೇಲಿನ ಕಪ್ಪು ಗೆರೆಯನ್ನು ನೋಡಿಕೊಂಡಾಗ ಅವನಿಗೆ ಬಂದದ್ದು ಕೋಪ. ಸರಿಯಾಗಿ ಆಡಿದ ನಾನೂರು ಆಟ ಇವರಿಗೆ ಕಾಣಲಿಲ್ಲ, ತಡವಾದ ಈ ಒಂದು ಗಳಿಗೆ ಕಂಡಿತಲ್ಲ ಎಂದು ಹಲ್ಲು ಕಚ್ಚಿದ. ಆಟ ಒಂದು–ಒಂದರಲ್ಲೇ ಮುಗಿಯಿತು, ತಂಡ ಉಳಿಯಿತು. ಅಧ್ಯಕ್ಷರು ಫಲಕವನ್ನು ಬೆಂಚಿನ ಮೇಲೆ ಬಿಟ್ಟು ಅತಿಥಿಗಳನ್ನು ಕರೆದುಕೊಂಡು ಹೋದರು.

ಮನೆಯಲ್ಲಿ ಅಮ್ಮ ಚಡ್ಡಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

“ಒಂದು ಸಲ ತಡ ಮಾಡಿದೀಯ.”

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗಿಲ್ಲಮ್ಮ.”

“ಮೀಸೆ ಕಟ್ಕೊಂಡು ನಂಗೇನು, ತೊಳೆಯೋದು ಚಡ್ಡಿ ತಾನೇ,” ಎಂದಳು. “ಒಂದೇ ಕಲೆ. ಇದು ಹೋಗುತ್ತೆ. ಆಡು.”

ತಿಂಗಳ ಕೊನೆಗೆ ಕ್ಲಬ್ಬಿನಿಂದ ಎರಡು ಸಾಲಿನ ಪತ್ರ ಬಂತು: ಕರಾರು ಮುಂದುವರಿಸುವುದಿಲ್ಲ. ಇಸ್ತ್ರಿ ಬೇಡಿಕೊಳ್ಳಲೂ ಇಲ್ಲ, ಯಾರನ್ನೂ ಬೈಯಲೂ ಇಲ್ಲ. ಬೂಟು ತರಲು ಹೋದವನು ಪೇಂಟರ್‌ನನ್ನು ಹುಡುಕಿ, ಬಳಕೆಯಾಗದ ಆ ಬಟ್ಟೆಯನ್ನು ಕೇಳಿ ಇಸಿದುಕೊಂಡ. ವರ್ಷದ ಜಾಗ ಇನ್ನೂ ಖಾಲಿಯೇ ಇತ್ತು.

ಊರಿನ ಆಚೆ ತುದಿಯಲ್ಲಿ, ಮೂರನೇ ದರ್ಜೆಯಲ್ಲಿ ಆಡುವ ಒಂದು ಪುಟ್ಟ ಕ್ಲಬ್ಬಿತ್ತು. ಶಾಲೆಯೊಂದರ ಉಗ್ರಾಣವೇ ಅದರ ಡ್ರೆಸ್ಸಿಂಗ್ ರೂಮು. ಕಿಟಕಿಗೆ ಪರದೆ ಇರಲಿಲ್ಲ. ಇಸ್ತ್ರಿ ತಂದ ಬಟ್ಟೆ, ಅಕ್ಷರ ಹಿಂದುಮುಂದಾಗಿ, ಅಲ್ಲಿ ಪರದೆಯಾಯಿತು. ಅವನನ್ನು ನೋಡಿ ಮುಗಿದವನು ಎಂದವರು ಬೇಕಾದಷ್ಟು ಜನ. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಲ್ಲಿ ಎರಡು ಸೀಸನ್ ಆಡಿದ. ನಡುವೆ ನಿಂತ, ಹೆಗಲ ಮೇಲಿಂದ ನೋಡಿದ, ಪಾದ ಎಣಿಸಿದ. ಬೀಳುವುದು ಮಾತ್ರ ಕ್ರಮೇಣ ರೂಢಿಯಾಗತೊಡಗಿತು. ಕೆಲವು ಆಟಗಳಲ್ಲಿ ಒಂದು ಸಲ, ಕೆಲವುಗಳಲ್ಲಿ ಎರಡು. ಎರಡನೇ ಸಲ ಬಿದ್ದ ದಿನಗಳಲ್ಲಿ ಉಳಿದ ಆಟವನ್ನು ಅವನು ಹಲ್ಲು ಕಚ್ಚಿ, ನಿಂತೇ ಮುಗಿಸಿದ.

ಮೂರನೇ ಸಲ ಬಿದ್ದದ್ದು ಒಂದು ಸಾಮಾನ್ಯ ಮಧ್ಯಾಹ್ನ. ಗೆದ್ದರೂ ಸೋತರೂ ಯಾರಿಗೂ ಏನೂ ಆಗದ ಆಟ. ನೋಡಲು ಬಂದವರು ನಲವತ್ತು ಜನ ಇದ್ದರೆ ಹೆಚ್ಚು. ಐವತ್ಮೂರನೇ ನಿಮಿಷದಲ್ಲಿ ಜಾರಿ ಚೆಂಡು ತೆಗೆದ. ಚೆನ್ನಾಗಿಯೇ ತೆಗೆದ. ಯಾರೋ ಇಬ್ಬರು ಚಪ್ಪಾಳೆ ಹೊಡೆದರು. ಅವನು ಎದ್ದು, ಚೆಂಡು ಹೊರಗೆ ಹೋಗುವವರೆಗೆ ಕಾದು, ಗೆರೆಯ ಕಡೆಗೆ ನಡೆದ.

“ಏನಾಯ್ತಣ್ಣ, ಪೆಟ್ಟಾಯ್ತಾ?” ಎಂದು ಆ ಕ್ಲಬ್ಬಿನ ಕೋಚ್ ಗಾಬರಿಯಿಂದ ಎದ್ದ. ಅವನು ಇಸ್ತ್ರಿಗಿಂತ ಎರಡು ವರ್ಷ ಚಿಕ್ಕವನು.

“ಏನೂ ಆಗಿಲ್ಲ. ಆ ಸ್ಲೇಟು ಕೊಡು.”

ದೀಪದ ಬೋರ್ಡೆಲ್ಲ ಅಲ್ಲಿರಲಿಲ್ಲ. ಬದಲಿ ಆಟಗಾರ ಬರುವಾಗ ಶಾಲೆಯ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು ಎತ್ತುತ್ತಿದ್ದರು. ಇಸ್ತ್ರಿ ಕೆಸರಿನ ಕೈಯನ್ನು ಅಂಗಿಗೆ ಒರೆಸಿಕೊಂಡು, ದೊಡ್ಡದಾಗಿ ಆರು ಎಂದು ಬರೆದು, ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದ. ರೆಫರಿಗೆ ಅರ್ಥವಾಗಲಿಲ್ಲ.

“ಯಾರು ಹೊರಗೆ ಬರೋದು?”

“ನಾನು,” ಎಂದು ಇಸ್ತ್ರಿ ಇಡೀ ಮೈದಾನಕ್ಕೆ ಕೇಳುವಂತೆ ಹೇಳಿ, ಗೆರೆ ದಾಟಿದ. ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಲೆ ತಗ್ಗಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಣ್ಣು ಮೊದಲಿನಷ್ಟು ಚುರುಕಿರಲಿಲ್ಲ, ಚಡ್ಡಿಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ತಡವಿ ಎಣಿಸಿದಳು. ತೊಡೆಯ ಮೇಲೊಂದು, ಪಕ್ಕಕ್ಕೊಂದು, ಹಿಂದೊಂದು.

“ಮೂರು,” ಎಂದಳು.

“ಮೂರು.”

“ಯಾರೋ ಹೊರಗೆ ಕರೆದದ್ದು?”

“ಯಾರೂ ಕರೀಲಿಲ್ಲಮ್ಮ. ನಾನೇ ಬರೆದೆ, ನಾನೇ ಎತ್ತಿದೆ.”

ಅವಳು “ಹೂಂ” ಎಂದಳು. ಬಾಗಿಲ ಪಕ್ಕದಲ್ಲಿ ಬಕೆಟ್ಟಿನಲ್ಲಿ ಸೋಪಿನ ನೀರು ಸಿದ್ಧವಾಗಿತ್ತು. ಅದರ ಕಡೆ ಅವಳು ತಿರುಗಲಿಲ್ಲ. ಚಡ್ಡಿಯನ್ನು ಮಡಿಲಲ್ಲಿ ಹಾಸಿ, ಅಂಚಿಗೆ ಅಂಚು ಕೂಡಿಸಿ, ಕೆಸರು ಉದುರದಂತೆ ನಿಧಾನವಾಗಿ ಮಡಿಸಿದಳು. ತೊಳೆಯದ ಬಟ್ಟೆಯನ್ನು ಅವಳು ಜೀವಮಾನದಲ್ಲಿ ಮಡಿಸಿದ್ದು ಅದೊಂದೇ.